ಶನಿವಾರ ಹಲಗೆ ಯಾರ ಕೊರಳಲ್ಲಿ

ತೊನಾಕಿ ಮೇಷ್ಟ್ರು ಸೋಮವಾರ ಬೆಳಿಗ್ಗೆ ತರಗತಿಗೆ ಬಂದವರೇ ಬೋರ್ಡಿನ ಬಲಮೂಲೆಯಲ್ಲಿ ಆ ವಾರದ ಪಾಠಗಳನ್ನು ಬರೆಯುತ್ತಿದ್ದರು. ಮಾರ್ಚ್ ತಿಂಗಳ ಆ ವಾರ ಆರನೇ ತರಗತಿಗೆ ಗಣಿತದಲ್ಲಿ ಭಿನ್ನರಾಶಿ, ಓದಿನಲ್ಲಿ ಹಿಮ ಬಿದ್ದ ಬೆಳಗಿನ ಪಾಠ, ಸಂಗೀತದಲ್ಲಿ ಬೀಳ್ಕೊಡುಗೆಯ ಹಾಡು. ಇವುಗಳ ಕೆಳಗೆ ವರ್ಷವಿಡೀ ಯಾರೂ ಅಳಿಸದ ಒಂದು ಸಾಲಿತ್ತು: ಸದಾ ಶುದ್ಧ ಭಾಷೆಯನ್ನೇ ಆಡೋಣ. ಶುದ್ಧ ಭಾಷೆ ಅಂದರೆ ಮನೆಮಾತಲ್ಲ, ಪುಸ್ತಕದ ಜಪಾನಿ ಭಾಷೆ.

ಹಿಮವನ್ನು ಆ ತರಗತಿಯಲ್ಲಿ ಯಾರೂ ಕಂಡಿರಲಿಲ್ಲ. ಒಕಿನಾವಾ ದ್ವೀಪದ ದಕ್ಷಿಣ ತುದಿಯ ಆ ಊರಿನಲ್ಲಿ ಮಾರ್ಚ್ ಅಂದರೆ ಕಬ್ಬು ಕಡಿದು ಮುಗಿಯುವ ಕಾಲ, ಬರಿಗಾಲಿಗೆ ಮರಳು ಬೆಚ್ಚಗಾಗುವ ಕಾಲ. ಮೇಷ್ಟ್ರು ಮಾತ್ರ ಒಂದೇ ಒಂದು ಸಲ ಕಂಡಿದ್ದರು, ಕಡಲಾಚೆಯ ಒಸಾಕಾದಲ್ಲಿ, ಓದುವ ದಿನಗಳಲ್ಲಿ. ಅದೇ ಚಳಿಗಾಲದಲ್ಲಿ ಬಾಡಿಗೆಗೆ ಕೋಣೆ ಹುಡುಕಿಕೊಂಡು ಹೋದಾಗ ಬಾಗಿಲಿಗೆ ‘ದ್ವೀಪದವರಿಗೆ ಕೊಡುವುದಿಲ್ಲ’ ಅಂತ ಅಂಟಿಸಿದ್ದ ಚೀಟಿಯನ್ನೂ ಕಂಡಿದ್ದರು. ಹಿಮ ಮರೆತುಹೋಯಿತು, ಚೀಟಿ ಮರೆಯಲಿಲ್ಲ. ತನ್ನ ಕೈಕೆಳಗೆ ಕಲಿತ ಮಕ್ಕಳು ಬಾಯಿ ಬಿಟ್ಟರೆ ದ್ವೀಪದವರು ಅಂತ ಯಾರಿಗೂ ಗೊತ್ತಾಗಬಾರದು ಎಂದು ಅವರು ಹಟ ತೊಟ್ಟಿದ್ದರು. ಒಳ್ಳೆಯದು ಮಾಡಿಯೇ ತೀರುತ್ತೇನೆಂದು ಹೊರಟವನ ಕೈಗೆ ಕೋಲು ಸಿಕ್ಕರೆ ಎದುರಿಗಿರುವವರ ಬೆನ್ನನ್ನು ದೇವರೇ ಕಾಯಬೇಕು.

ಅವರ ಕೋಲೆಂದರೆ ಒಂದು ಹಲಗೆ. ಅಂಗೈಯಗಲದ ಮರದ ತುಂಡು, ಮೇಲೊಂದು ತೂತು, ತೂತಿಗೆ ಹುರಿ. ‘ಹಳ್ಳಿ ಮಾತು’ ಅಂತ ಮಸಿಯಲ್ಲಿ ಬರೆದಿತ್ತು. ಶಾಲೆಯ ಬೇಲಿಯೊಳಗೆ ಯಾರ ಬಾಯಲ್ಲಿ ಮನೆಮಾತು ಬಂತೋ ಅವರ ಕೊರಳಿಗೆ ಅದು ಬೀಳುತ್ತಿತ್ತು. ಇಳಿಸಿಕೊಳ್ಳಲು ಇದ್ದದ್ದು ಒಂದೇ ದಾರಿ. ಇನ್ನೊಬ್ಬರ ಬಾಯಲ್ಲಿ ಆ ಮಾತನ್ನು ಹಿಡಿದು ಅವರ ಕೊರಳಿಗೆ ದಾಟಿಸಬೇಕು. ಹಾಗಾಗಿ ಮೇಷ್ಟ್ರು ಕಾವಲು ಕಾಯಬೇಕಾಗಿಯೇ ಇರಲಿಲ್ಲ, ಮಕ್ಕಳೇ ಮಕ್ಕಳನ್ನು ಕಾಯುತ್ತಿದ್ದರು. ಶನಿವಾರ ಮಧ್ಯಾಹ್ನ ಕೊನೆಯ ಗಂಟೆ ಹೊಡೆದಾಗ ಹಲಗೆ ಯಾರ ಮೇಲಿರುತ್ತದೋ ಅವರು ಮುಂದಿನ ವಾರವೆಲ್ಲ ಕಕ್ಕಸು ತೊಳೆಯಬೇಕು. ಅಷ್ಟೇ ಅಲ್ಲ, ನಡತೆಯಲ್ಲಿ ‘ಉತ್ತಮ’ ಹೋಗಿ ‘ಮಧ್ಯಮ’ ಬೀಳುತ್ತಿತ್ತು.

ಹಿಡಿಯುವ ವಿದ್ಯೆಯಲ್ಲಿ ಮಕ್ಕಳು ಚೆನ್ನಾಗಿ ಪಳಗಿದ್ದರು. ಹಿಂದಿನಿಂದ ಬಂದು ಹಿಮ್ಮಡಿಯಿಂದ ಬೆರಳು ತುಳಿಯುವುದು, ಜಡೆ ಜಗ್ಗುವುದು, ಅಂಗಿಯೊಳಗೆ ಏಡಿ ಬಿಡುವುದು. ನೋವಾದಾಗ ಬಾಯಿಗೆ ಬರುವುದು ಕಲಿತ ಮಾತಲ್ಲ, ಹುಟ್ಟಿದ ಮಾತು. ಭಿನ್ನರಾಶಿ ಬಂತೋ ಬಿಟ್ಟಿತೋ, ಆರು ವರ್ಷದಲ್ಲಿ ಇದನ್ನಂತೂ ಎಲ್ಲರೂ ಕಲಿತಿದ್ದರು.

ತರಗತಿಯ ನಾಯಕಿ ನಾಬಿಯ ಕೊರಳಿಗೆ ಆರು ವರ್ಷದಲ್ಲಿ ಒಮ್ಮೆಯೂ ಹಲಗೆ ಬಿದ್ದಿರಲಿಲ್ಲ. ನಾಬಿ ಅಂದರೆ ಅಡುಗೆಯ ಪಾತ್ರೆ. ಹೆಣ್ಣು ಹುಟ್ಟಿದರೆ ಪಾತ್ರೆ, ಒಲೆ, ಹಸು ಅಂತ ಕೈಗೆ ಸಿಕ್ಕಿದ ಹೆಸರಿಟ್ಟು ಕೆಲಸಕ್ಕೆ ಹೋಗುವ ಊರು ಅದು. ಮೇಷ್ಟ್ರು ಆ ಹೆಸರನ್ನು ನಾಲಿಗೆಗೆ ತಾಕಿಸದೆ ಮನೆತನದ ಹೆಸರಿನಿಂದ ಯಾಬಿಕು ಎಂದೇ ಕರೆಯುತ್ತಿದ್ದರು. ಹುಡುಗಿ ಸುಮ್ಮನೆ ಜಾಣೆಯಲ್ಲ, ಛಲದ ಜಾಣೆ. ಕಬ್ಬಿನ ಗದ್ದೆಯ ಬದುವಿನ ಮೇಲೆ ಒಬ್ಬಳೇ ಬರುವಾಗ ತನ್ನ ತೋಳನ್ನು ತಾನೇ ಚಿವುಟಿಕೊಂಡು “ನೋವಾಗುತ್ತಿದೆ, ನೋವಾಗುತ್ತಿದೆ” ಎಂದು ಶುದ್ಧ ಭಾಷೆಯಲ್ಲಿ ಹೇಳಿ ಅಭ್ಯಾಸ ಮಾಡುತ್ತಿದ್ದಳು. ತೋಳು ನೀಲಿಗಟ್ಟಿದ್ದಕ್ಕೆ ಅಜ್ಜಿ ಶುಂಠಿ ಅರೆದು ಹಚ್ಚಿ, ಯಾರ ಜೊತೆ ಜಗಳವಾಡಿದೆ ಅಂತ ಬೈದಿದ್ದಳು.

ಛಲಕ್ಕೆ ಕಾರಣವಿತ್ತು. ಪ್ರತಿ ಮಾರ್ಚಿನಲ್ಲೂ ಒಸಾಕಾದ ನೂಲಿನ ಗಿರಣಿಯ ಮನುಷ್ಯ ಊರಿಗೆ ಬಂದು ಆರನೇ ತರಗತಿ ಮುಗಿಸಿದ ಹೆಣ್ಣುಮಕ್ಕಳನ್ನು ಹಡಗು ಹತ್ತಿಸಿಕೊಂಡು ಹೋಗುತ್ತಿದ್ದ. ಹೋದವರಲ್ಲಿ ಕೆಲವರು ಕೆಮ್ಮಿಕೊಂಡು ತಿರುಗಿ ಬಂದರು, ಕೆಲವರು ಬರಲೇ ಇಲ್ಲ. ನಾಬಿಯ ತಾಯಿ ಸತ್ತು ಬಹಳ ಕಾಲವಾಗಿತ್ತು. ಅವಳ ಅಪ್ಪ ಕಬ್ಬು ಕಡಿಯುವವನು, ಮಾತು ಕಡಿಮೆ. ವರ್ಷದ ಮೊದಲಲ್ಲೇ ಅವಳಿಗೆ ಹೇಳಿದ್ದ: ನಡತೆಯಲ್ಲಿ ವರ್ಷವಿಡೀ ‘ಉತ್ತಮ’ ಬಂದರೆ ಮೇಲಿನ ಶಾಲೆಯಲ್ಲಿ ಇನ್ನೆರಡು ವರ್ಷ ಓದು, ಇಲ್ಲದಿದ್ದರೆ ಗಿರಣಿ. ಅಂದಮೇಲೆ ಆ ಎರಡು ವರ್ಷಗಳು ನಾಬಿಗೆ ಹಲಗೆಯಿಲ್ಲದ ತನ್ನ ಕೊರಳಿನ ಮೇಲೇ ನಿಂತಿದ್ದವು. ಈಗ ಉಳಿದಿದ್ದದ್ದು ಇದೊಂದೇ ಶನಿವಾರ. ಇದು ದಾಟಿದರೆ ಅಂಕಪಟ್ಟಿ ಬರೆಯುವುದಷ್ಟೇ ಬಾಕಿ.

ಶುಕ್ರವಾರ ಕಸ ಗುಡಿಸುವ ಹೊತ್ತಿಗೆ ಹಲಗೆ ಜಿರಾ ಎಂಬ ಪೋಲಿಯ ಕೊರಳಲ್ಲಿತ್ತು. ಅವನಿಗೆ ಅದು ಹೊಸದಲ್ಲ, ಅವನ ಕತ್ತಿನಲ್ಲಿ ಹುರಿಯ ಗುರುತೇ ಬಿದ್ದಿತ್ತು. ಆದರೆ ವರ್ಷ ಮುಗಿಯುವುದರೊಳಗೆ ನಾಯಕಿಯ ಕೊರಳಿಗೆ ಅದನ್ನು ಹಾಕದೆ ಬಿಡುವುದಿಲ್ಲವೆಂದು ಪಣ ಕಟ್ಟಿದ್ದ. ನಾಬಿ ನೀರು ತುಂಬಿದ ಬಕೆಟ್ ಹಿಡಿದು ಜಗಲಿಯ ಮೆಟ್ಟಿಲು ಹತ್ತುತ್ತಿದ್ದಳು. ಅವನು ಅವಳ ಕಾಲನ್ನು ತುಳಿಯಲಿಲ್ಲ, ಅದನ್ನು ಅವಳು ತಡೆದುಕೊಳ್ಳುತ್ತಾಳೆಂದು ಅವನಿಗೆ ಗೊತ್ತಿತ್ತು. ಬಕೆಟ್ಟಿನ ತಳಕ್ಕೆ ಮೊಣಕಾಲು ಕೊಟ್ಟ. ತುಂಬಿದ ಬಕೆಟ್ ಅವಳ ಕಾಲ್ಬೆರಳ ಮೇಲೆ ಬಿತ್ತು.

“ಅಯ್ಯಯ್ಯೋ, ಸತ್ತೆ ಕಣಪ್ಪಾ,” ಅಂದಳು ನಾಬಿ. ಅದು ಅಪ್ಪಟ ಮನೆಮಾತು, ಅಜ್ಜಿಯ ಬಾಯಿಂದ ಬಂದಂತೆಯೇ ಬಂದಿತ್ತು.

ಜಗಲಿಯಲ್ಲಿದ್ದವರೆಲ್ಲ ಕೇಳಿದರು. ಜಿರಾ ಹುರಿಯನ್ನು ಕೊರಳಿಂದ ತೆಗೆದು, ಮದುವೆಯಲ್ಲಿ ಹಾರ ಹಾಕುವವನ ಹಾಗೆ ಬಗ್ಗಿ, ಅವಳ ಕೊರಳಿಗೆ ಹಾಕಿದ. ತರಗತಿಯೆಲ್ಲ ನಕ್ಕಿತು. ನಾಯಕಿಯೆಂದು ಅವಳು ಇಷ್ಟು ದಿನ ಮೆರೆದದ್ದಕ್ಕೆ ಎಲ್ಲರಿಗೂ ಒಳಗೊಳಗೆ ಹಾಲು ಕುಡಿದಷ್ಟು ಸಂತೋಷವಾಗಿತ್ತು.

ಹಲಗೆಯನ್ನು ಮನೆಗೂ ಹಾಕಿಕೊಂಡೇ ಹೋಗಬೇಕೆಂಬುದು ನಿಯಮ. ಊರು ನೋಡಲಿ ಎಂಬುದು ಮೇಷ್ಟ್ರ ಉದ್ದೇಶ. ಊರು ನೋಡಿತು ನಿಜ, ಆದರೆ ಅಜ್ಜಿ ನೋಡಿದ್ದು ಬೇರೆ ರೀತಿ. ಅಜ್ಜಿಗೆ ಅಕ್ಷರ ಬಾರದು. ಅವಳ ಕಾಲದಲ್ಲಿ ಹೆಣ್ಣುಮಕ್ಕಳು ಕೈತುಂಬ ಹಚ್ಚೆ ಚುಚ್ಚಿಸಿಕೊಳ್ಳುತ್ತಿದ್ದರೇ ಹೊರತು ಶಾಲೆಗೆ ಹೋಗುತ್ತಿರಲಿಲ್ಲ. ಎಷ್ಟೋ ವರ್ಷಗಳಿಂದ ನೆರೆಮನೆಯ ಮಕ್ಕಳೆಲ್ಲ ಸರದಿಯ ಮೇಲೆ ಹಲಗೆ ಹಾಕಿಕೊಂಡು ಬರುವುದನ್ನು ಅವಳು ನೋಡಿದ್ದಳು. ತನ್ನ ಮೊಮ್ಮಗಳಿಗೆ ಮಾತ್ರ ಮೇಷ್ಟ್ರು ಯಾಕೆ ಕೊಡುತ್ತಿಲ್ಲ ಅಂತ ಅವಳಿಗೆ ಕೊರಗಿತ್ತು.

“ಬಂತಾ ಕೊನೆಗೂ,” ಅಂದಳು ಅಜ್ಜಿ. ಕಣ್ಣಲ್ಲಿ ನೀರು. “ಆ ಪೋಲಿ ಜಿರಂಗೆ ಹತ್ತು ಸಲ ಕೊಟ್ರು. ನನ್ ಬಂಗಾರಕ್ಕೆ ಕೊಡಕ್ಕೆ ಅವ್ರ ಕೈಗೆ ಏನ್ ಬಂದಿತ್ತೋ ಅಂತಿದ್ದೆ. ಬಾ ಇಲ್ಲಿ, ಹಿರೀಕರಿಗೆ ತೋರ್ಸು.”

ನಾಬಿ ಬಾಯಿ ತೆರೆಯುವುದರೊಳಗೆ ಅಜ್ಜಿ ಹಲಗೆಯನ್ನು ಅವಳ ಕೊರಳಿಂದ ತೆಗೆದು ಹಿರಿಯರ ಗೂಡಿನ ಮುಂದಿಟ್ಟಿದ್ದಳು. ಊದುಬತ್ತಿ ಹಚ್ಚಿದಳು, ಒಂದು ಚೂರು ಕಪ್ಪು ಬೆಲ್ಲ ಇಟ್ಟಳು, ಸತ್ತ ಗಂಡನನ್ನೂ ಸೊಸೆಯನ್ನೂ ಹೆಸರು ಹಿಡಿದು ಕರೆದು ನಿಮ್ಮ ಹುಡುಗಿ ಗೆದ್ದು ಬಂದಿದ್ದಾಳೆ ನೋಡಿ ಅಂದಳು. ನಾಬಿಗೆ ಅಲ್ಲೇ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

ಕತ್ತಲಾಗುವ ಮುಂಚೆ ಅಪ್ಪ ಬಂದ. ಅವನಿಗೆ ನಾಲ್ಕಕ್ಷರ ಓದಲು ಬರುತ್ತಿತ್ತು. ಗೂಡಿನ ಮುಂದಿದ್ದ ಹಲಗೆಯನ್ನು ಸತ್ತ ಇಲಿಯ ಬಾಲ ಹಿಡಿದ ಹಾಗೆ ಹುರಿಯಲ್ಲಿ ಎತ್ತಿ ಹೊಸ್ತಿಲ ಮೇಲಿಟ್ಟ. ಕೈಕಾಲು ತೊಳೆದು ಬೇಯಿಸಿದ ಗೆಣಸು ತಿಂದು, ಎಲ್ಲ ಮುಗಿದ ಮೇಲೆ ಮಗಳ ಕಡೆ ತಿರುಗಿದ.

“ಗಿರಣಿಯೋನು ಮುಂದಿನ್ ವಾರ ಬರ್ತಾನಂತೆ,” ಅಂದ. “ನಾಳೆ ಗಂಟೆ ಹೊಡೆದಾಗ ಇದು ನಿನ್ ಕೊರಳಲ್ಲೇ ಇದ್ರೆ ಅವನಿಗೆ ಹೂಂ ಅಂತೀನಿ. ನಾನ್ ಹೇಳಿದ್ ಮಾತು ನಿಂಗೂ ಗೊತ್ತು.”

ಶನಿವಾರ ಬೆಳಿಗ್ಗೆ ತರಗತಿಯಲ್ಲಿ ಸೊಳ್ಳೆ ಹಾರಿದರೂ ಕೇಳಿಸುತ್ತಿತ್ತು. ಹಲಗೆಯ ಕೊನೆಯ ದಿನ ಮಕ್ಕಳೆಲ್ಲ ಹಲ್ಲು ಕಚ್ಚಿಕೊಂಡೇ ಕೂರುತ್ತಿದ್ದರು. ನಾಬಿ ಒಬ್ಬಳ ಬೆನ್ನಿಗೆ ಏಡಿ ಬಿಟ್ಟಳು. ಆ ಹುಡುಗಿ ಕಣ್ಣಲ್ಲಿ ನೀರು ಸುರಿಸಿದಳೇ ಹೊರತು ತುಟಿ ಬಿಚ್ಚಲಿಲ್ಲ. ಜಿರಾನ ಬೆರಳ ಮೇಲೆ ಇಡೀ ಭಾರ ಬಿಟ್ಟು ನಿಂತಳು. ಅವನು ಎದ್ದು ನಿಂತು ಕೈಮುಗಿದ.

“ನಾಯಕಿಯವರೇ, ತಾವು ನನ್ನ ಪಾದವನ್ನು ತುಳಿದಿರುವಿರಿ. ದಯಮಾಡಿ ತೆಗೆಯಿರಿ,” ಅಂದ. ಮೇಷ್ಟ್ರೂ ನಕ್ಕರು.

ಕೊನೆಯ ಅವಧಿ ಓದಿನದು. ಹೆಂಚಿನ ಮೇಲೆ ಬೆಳ್ಳಗೆ ಕೂತ ಹಿಮದ ಬಗ್ಗೆ ಒಬ್ಬೊಬ್ಬರೂ ಒಂದೊಂದು ಸಾಲು ಓದಿದರು. ನಾಬಿಯ ಸರದಿ ಬಂದಾಗ ಅವಳು ತಪ್ಪಿಲ್ಲದೆ ಓದಿ ಕೂತಳು. ಕೂತವಳ ಕಣ್ಣು, ಓದುವ ಸರದಿಯೇ ಎಂದೂ ಬಾರದ ಉಶಿಯ ಮೇಲೆ ಬಿತ್ತು.

ಉಶಿ ಅಂದರೆ ಹಸು. ಅವಳ ಅಪ್ಪ ಕಡಲಲ್ಲಿ ಹೋದವನು, ತಾಯಿ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ದಿನವೂ ನಾಹಾ ಪೇಟೆಗೆ ನಡೆದು ಮಾರಿ ಬರುವವಳು. ಮೂರನೇ ತರಗತಿಯಲ್ಲಿ ಉಶಿಗೆ ಹಲಗೆ ಬಿತ್ತು. ಯಾರನ್ನೂ ಹಿಡಿಯಲು ಅವಳಿಗೆ ಮನಸ್ಸು ಬರಲಿಲ್ಲ, ಕಕ್ಕಸು ತೊಳೆದಳು. ಅಂದಿನಿಂದ ಶಾಲೆಯ ಬೇಲಿಯೊಳಗೆ ಅವಳು ಬಾಯಿಯನ್ನೇ ತೆರೆದಿರಲಿಲ್ಲ. ಮೇಷ್ಟ್ರು ಹೊಡೆದು ನೋಡಿದರು, ಬಿಸಿಲಲ್ಲಿ ನಿಲ್ಲಿಸಿ ನೋಡಿದರು. ಹಸುವಾದರೂ ಅಂಬಾ ಅನ್ನುತ್ತದೆ, ಇದು ಅದೂ ಇಲ್ಲ ಅಂತ ಮಕ್ಕಳು ಹಂಗಿಸುತ್ತಿದ್ದರು. ಮೂಗಿಯೆಂದೇ ಎಲ್ಲರೂ ಲೆಕ್ಕದಿಂದ ಬಿಟ್ಟಿದ್ದರು. ಅವಳ ಕೊರಳಿಗೆ ಹಲಗೆ ಹಾಕುವ ಆಸೆ ಯಾರಿಗೂ ಇರಲಿಲ್ಲ.

ಆದರೆ ಅವಳು ಮೂಗಿಯಲ್ಲವೆಂದು ನಾಬಿಗೆ ಗೊತ್ತಿತ್ತು. ಇಬ್ಬರದೂ ಅಕ್ಕಪಕ್ಕದ ಮನೆ. ಬೆಳಗಿನ ಹೊತ್ತು ಒರತೆಗೆ ನೀರಿಗೆ ಹೋದಾಗ ಉಶಿ ನಾಬಿಯೊಬ್ಬಳ ಜೊತೆ ಮಾತಾಡುತ್ತಿದ್ದಳು, ಅದೂ ಕಟ್ಟೆ ಒಡೆದ ಹಾಗೆ. ಮೇಷ್ಟ್ರ ನಡಿಗೆಯನ್ನು ಅಣಕಿಸುತ್ತಿದ್ದಳು. ಅವ್ವನ ಕಾಲು ನೋಯುವುದನ್ನು ಹೇಳುತ್ತಿದ್ದಳು. ರೈಲು ಹಳಿ ದಾಟುವಾಗ ಅವ್ವನ ಕಿವಿಗೆ ಕೂಗು ಬೀಳುವುದಿಲ್ಲ, ಬುಟ್ಟಿಯ ಕೆಳಗೆ ಕಿವಿ ಮುಚ್ಚಿಹೋಗಿರುತ್ತೆ, ಒಂದಲ್ಲ ಒಂದಿನ ಏನಾದರೂ ಆಗುತ್ತೆ ಅಂತ ದಿನವೂ ಹೆದರಿಕೊಳ್ಳುತ್ತಿದ್ದಳು. ಆ ಹೆದರಿಕೆಯನ್ನು ಅವಳು ನಂಬಿ ಹೇಳಿಕೊಂಡಿದ್ದದ್ದು ಲೋಕದಲ್ಲಿ ಒಬ್ಬಳಿಗೇ.

ಪಾಠ ಮುಗಿದು ನೆಲ ಒರೆಸುವ ಹೊತ್ತಾಯಿತು. ಅದು ಮುಗಿದರೆ ಗಂಟೆ. ಉಶಿ ಜಗಲಿಯ ತುದಿಯಲ್ಲಿ ಮಂಡಿಯೂರಿ ಒದ್ದೆ ಬಟ್ಟೆ ತಳ್ಳುತ್ತಿದ್ದಳು. ನಾಬಿ ಹೊರಗಿನಿಂದ ಓಡಿ ಬಂದವಳಂತೆ ಏದುಸಿರು ಬಿಡುತ್ತ ಹೋಗಿ ಅವಳ ಪಕ್ಕ ಕುಸಿದಳು. ಮನೆಮಾತಿನಲ್ಲೇ ಹೇಳಿದಳು. ಪುಸ್ತಕದ ಮಾತಲ್ಲಿ ಹೇಳಿದ್ದರೆ ಉಶಿ ನಂಬುತ್ತಿರಲಿಲ್ಲ.

“ಉಶೀ, ನಿಮ್ಮವ್ವ ರೈಲಿಗೆ ಸಿಕ್ಬಿಟ್ಲಂತೆ ಕಣೇ. ಕಂಬಳೀಲಿ ಸುತ್ಕೊಂಡು ತರ್ತಿದಾರೆ.”

ಉಶಿಯ ಕೈಯಿಂದ ಬಟ್ಟೆ ಜಾರಿತು. “ಅವ್ವಾ,” ಅಂದಳು. ಮೂರು ವರ್ಷದಿಂದ ಆ ಗೋಡೆಗಳು ಕೇಳದಿದ್ದ ದನಿ ಅದು. ಆಮೇಲೆ ನಾಬಿಯ ಎರಡೂ ಭುಜ ಹಿಡಿದು ಅಲುಗಿಸಿದಳು. “ಎಲ್ಲೇ? ನಮ್ಮವ್ವ ಎಲ್ಲೇ ನಾಬಿ? ಉಸ್ರು ಐತಾ?”

ತರಗತಿ ಎದ್ದು ನಿಂತು ನೋಡುತ್ತಿತ್ತು. ಉಶಿ ಇನ್ನೂ ಕೇಳುತ್ತಲೇ ಇದ್ದಳು. ನಾಬಿ ತನ್ನ ಕೊರಳಿನ ಹುರಿಯನ್ನು ತೆಗೆದು ಅವಳ ತಲೆಯ ಮೇಲಿಂದ ಇಳಿಸಿ ಹಲಗೆಯನ್ನು ಎದೆಯ ಮೇಲೆ ಸರಿಯಾಗಿ ಕೂರಿಸಿದಳು. ಉಶಿ ಅದನ್ನು ಗಮನಿಸಲೂ ಇಲ್ಲ. ಜಗಲಿ ಹಾರಿ, ಬೇಲಿ ದಾಟಿ, ಎದೆಗೆ ಹಲಗೆ ಬಡಿಯುತ್ತಿದ್ದಂತೆಯೇ ನಾಹಾದ ದಾರಿ ಹಿಡಿದು ಓಡಿಹೋದಳು.

ಮೇಷ್ಟ್ರು ಹೊರಗೆ ಬಂದು ಏನಾಯಿತೆಂದು ಕೇಳಿದರು. ನಾಬಿ ನೆಟ್ಟಗೆ ನಿಂತು, ಉಶಿ ಮನೆಮಾತು ಆಡಿದಳು, ತಾನು ಹಲಗೆ ದಾಟಿಸಿದೆ ಎಂದು ವರದಿ ಒಪ್ಪಿಸಿದಳು.

“ಅವಳ ತಾಯಿಯ ವಿಷಯ ನಿಜವೇ?”

“ನಿಜವಲ್ಲ ಗುರುಗಳೇ. ಅವಳ ಬಾಯಿಯನ್ನು ತೆರೆಸುವ ಸಲುವಾಗಿ ಹೇಳಿದೆನು.”

ಮೇಷ್ಟ್ರು ಉಶಿ ಓಡಿಹೋದ ದಾರಿಯ ಕಡೆ ಒಮ್ಮೆ ನೋಡಿದರು. ಮನುಷ್ಯನಾಗಲು ಅವರಿಗೆ ಸಿಕ್ಕಿದ್ದು ಆ ಒಂದೇ ಗಳಿಗೆ, ಅದನ್ನೂ ಅವರು ಹಾಗೇ ಬಿಟ್ಟುಕೊಟ್ಟರು. ತನ್ನ ಹೊಡೆತಕ್ಕೂ ಬಗ್ಗದ ಬಾಯನ್ನು ಈ ಹುಡುಗಿ ತೆರೆಸಿದಳಲ್ಲ ಎಂಬ ಹೆಮ್ಮೆ ಅವರ ಮುಖದಲ್ಲಿ ಕಾಣಿಸಿತು. ಚೀನಾದ ರಣರಂಗದಲ್ಲಿ ನಮ್ಮ ಸೈನಿಕರೂ ಉಪಾಯದಿಂದಲೇ ಗೆಲ್ಲುತ್ತಿದ್ದಾರೆ ಅಂತ ಮಕ್ಕಳಿಗೆ ಹೇಳಿ ಚಪ್ಪಾಳೆ ತಟ್ಟಿಸಿದರು. ಆಮೇಲೆ ಗಂಟೆ ಹೊಡೆಯಿತು.

ನಾಬಿಗೆ ಮೊದಲು ಅನ್ನಿಸಿದ್ದು ನಾಚಿಕೆಯಲ್ಲ. ಕೊರಳು ಹಗುರವಾಗಿತ್ತು, ಅವಳಿಗೆ ಸಂತೋಷವಾಗಿತ್ತು, ಮನೆಯ ದಾರಿಯಲ್ಲಿ ಬೀಳ್ಕೊಡುಗೆಯ ಹಾಡನ್ನು ಗುನುಗಿಕೊಂಡಳು. ನಾಚಿಕೆ ಬಂದದ್ದು ಸಂಜೆ, ಮೀನಿನ ಬುಟ್ಟಿ ಅವಳ ಮನೆಯ ಬಾಗಿಲಿಗೆ ಬಂದಾಗ.

ಉಶಿಯ ತಾಯಿ ಬುಟ್ಟಿ ಇಳಿಸಲಿಲ್ಲ. ಅವಳ ಬೆನ್ನ ಹಿಂದೆ ಉಶಿ ನಿಂತಿದ್ದಳು, ಮೊಣಕಾಲು ಒಡೆದು ರಕ್ತ ಹೆಪ್ಪುಗಟ್ಟಿತ್ತು. ಅರ್ಧ ದಾರಿಯಲ್ಲಿ, ಹಳಿಯ ಪಕ್ಕ, ತಾಯಿಗೆ ಮಗಳು ಸಿಕ್ಕಿದ್ದಳು. ಬದುಕಿದ್ದ ತಾಯಿಯನ್ನು ನೋಡಿ ಅಲ್ಲೇ ಬಿದ್ದು ಒದ್ದಾಡಿದ್ದಳಂತೆ, ಎಬ್ಬಿಸಲು ದಾರಿಹೋಕರು ಬೇಕಾಯಿತಂತೆ.

“ನನ್ನ ಸಾಯಿಸ್ದೆ ಅಂತಲ್ಲ ನಾಬಿ,” ಅಂದಳು ಉಶಿಯ ತಾಯಿ. ದನಿ ಏರಿಸಲೂ ಇಲ್ಲ. “ಇನ್ನೊಂದ್ ಸಲ ಸಾಯಿಸ್ಬೇಕಾದ್ರೆ ಮುಂಚೆ ಒಂದ್ ಮಾತು ಹೇಳ್ಬಿಡವ್ವ. ಮೀನ್ ಮಾರಿ ಮುಗ್ಸಿ ಸಾಯ್ತೀನಿ, ಕೊಳೆತ್ ಹೋಗುತ್ತೆ ನೋಡು.”

ಅಜ್ಜಿ ಒಳಗಿಂದ, ಯಾರು ಸತ್ತದ್ದು ಅಂತ ಕೂಗಿ ಕೇಳಿದಳು.

ಮರುದಿನ ಒರತೆಯಲ್ಲಿ ಉಶಿ ತನ್ನ ಕೊಡ ತುಂಬಿಕೊಂಡು ಹೋದಳು. ನಾಬಿ ಎರಡು ಸಲ ಹೆಸರು ಕರೆದಳು, ಮೂರನೆಯ ಸಲ ಕೈ ಹಿಡಿದಳು. ಉಶಿ ಅವಳನ್ನು ಶಾಲೆಯ ಗೋಡೆಯನ್ನು ನೋಡುವ ಹಾಗೆ ನೋಡಿ ಕೈ ಬಿಡಿಸಿಕೊಂಡಳು. ಇದ್ದ ಒಬ್ಬಳೇ ಗೆಳತಿ ಹೋದಳು. ಹೋದರೆ ಹೋಗಲಿ, ಎರಡು ವರ್ಷದ ಓದು ಉಳಿಯಿತಲ್ಲ ಅಂತ ನಾಬಿ ಮನಸ್ಸನ್ನು ಗಟ್ಟಿ ಮಾಡಿಕೊಂಡಳು. ಆ ವಾರವೆಲ್ಲ ಉಶಿ ಕಕ್ಕಸು ತೊಳೆಯುವಾಗ ನಾಬಿ ಆ ಕಡೆ ಹೋಗದಂತೆ ಸುತ್ತು ಬಳಸಿ ನಡೆದಳು.

ಗುರುವಾರ ಸಂಜೆ ತೊನಾಕಿ ಮೇಷ್ಟ್ರು ಅವಳ ಮನೆಗೇ ಬಂದರು. ಜೊತೆಗೆ ಟೋಪಿ ಹಾಕಿಕೊಂಡು ಬೂಟು ತೊಟ್ಟ ಗಿರಣಿಯ ಮನುಷ್ಯ. ಅಪ್ಪ ಗಡಿಬಿಡಿಯಿಂದ ಚಾಪೆ ಹಾಸಿದ. ಅಜ್ಜಿ ಹಚ್ಚೆಯ ಕೈಗಳನ್ನು ಮಡಿಲಲ್ಲಿ ಮುಚ್ಚಿಕೊಂಡು ಒಲೆಯ ಹತ್ತಿರ ಹೋಗಿ ಕೂತಳು.

ಮೇಷ್ಟ್ರು ಅಪ್ಪನ ಜೊತೆ ಮನೆಮಾತಿನಲ್ಲಿ ಮಾತಾಡಿದರು, ಅದೂ ಸೊಗಸಾಗಿ. ಬೇಲಿಯ ಹೊರಗೆ ಅವರ ನಾಲಿಗೆಗೂ ಹುಟ್ಟೂರಿತ್ತು. ವಿಷಯವಿಷ್ಟೇ. ಗಿರಣಿಯ ವಸತಿಯಲ್ಲಿ ದ್ವೀಪದ ಹುಡುಗಿಯರು ಒಟ್ಟಿಗೆ ಕೂತು ಮನೆಮಾತು ಆಡುತ್ತಾರೆ, ಮೇಲ್ವಿಚಾರಕರಿಗೆ ಒಂದೂ ಅರ್ಥವಾಗುವುದಿಲ್ಲ, ಏನು ಸಂಚು ಮಾಡುತ್ತಾರೋ ಅಂತ ಸಂಶಯ. ಆ ಹುಡುಗಿಯರ ನಡುವೆ ಇದ್ದು, ಬಾಯಿ ತಪ್ಪಿದವರನ್ನು ಹಿಡಿದು ಒಪ್ಪಿಸುವ ಒಬ್ಬಳು ಶುದ್ಧ ಭಾಷೆಯ ಹುಡುಗಿ ಗಿರಣಿಗೆ ಬೇಕಾಗಿದ್ದಳು. ಮೇಷ್ಟ್ರು ಗಿರಣಿಯವನಿಗೆ ಶನಿವಾರದ ಕಥೆಯನ್ನು ಆಗಲೇ ಹೇಳಿ ಮುಗಿಸಿದ್ದರು. ಅವನು ಬೇರೆ ಹುಡುಗಿಯರನ್ನು ನೋಡುವ ಗೋಜಿಗೇ ಹೋಗದೆ ನೇರ ಇಲ್ಲಿಗೆ ಬಂದಿದ್ದ.

“ನಡತೇಲಿ ‘ಉತ್ತಮ’ ಕೊಟ್ಟಾಗಿದೆ,” ಅಂದರು ಮೇಷ್ಟ್ರು. “ಅದಿಲ್ದಿದ್ರೆ ನಾನು ಇವಳ ಹೆಸ್ರು ಎತ್ತುತ್ಲೇ ಇರ್ಲಿಲ್ಲ.”

ನಾಬಿ ಅಪ್ಪನನ್ನು ನೋಡಿದಳು. ಮಾತು ಕೊಟ್ಟವನು ಅವನು. ಅವನು ತನ್ನ ಕಾಲಿನ ಸೀಳುಗಳನ್ನು ನೋಡುತ್ತ ಕೂತಿದ್ದ. ಮೇಷ್ಟ್ರೇ ಮನೆಬಾಗಿಲಿಗೆ ಬಂದು ಕೇಳುವಾಗ ನಾನು ಏನು ಹೇಳಲಿ, ಹುಡುಗಿಯನ್ನೇ ಕೇಳಿ ಅಂದ.

ಮೇಷ್ಟ್ರು ಅವಳ ಕಡೆ ತಿರುಗಿ ಭಾಷೆ ಬದಲಿಸಿದರು. “ಯಾಬಿಕು, ನಿನ್ನ ಅಭಿಪ್ರಾಯವೇನು? ನಿಸ್ಸಂಕೋಚವಾಗಿ ಹೇಳು.”

ಮನೆಮಾತಿನಲ್ಲಿ ಒಲ್ಲೆ ಅನ್ನಲು ಅವಳಿಗೆ ಹತ್ತು ಬಗೆ ಗೊತ್ತಿತ್ತು. ಅಜ್ಜಿಯ ಒಲ್ಲೆ, ಮೀನಿನವಳ ಒಲ್ಲೆ, ಒದ್ದಾಡಿ ಅತ್ತು ನೆಲಕ್ಕೆ ಬಿದ್ದು ಹೇಳುವ ಒಲ್ಲೆ. ಆದರೆ ಎದುರಿಗೆ ಮೇಷ್ಟ್ರು ಕೂತಿದ್ದರು, ಅವರಿಗೆ ಉತ್ತರ ಕೊಡಬೇಕಾದದ್ದು ಇನ್ನೊಂದು ಭಾಷೆಯಲ್ಲಿ. ನಾಬಿ ಆರು ವರ್ಷ ಓದಿದ ಪುಸ್ತಕಗಳನ್ನೆಲ್ಲ ಮನಸ್ಸಿನಲ್ಲೇ ಮಗುಚಿ ಹುಡುಕಿದಳು. ಅದರಲ್ಲಿ ಹಿಮವಿತ್ತು, ಚೆರಿ ಹೂವಿತ್ತು, ಸೈನಿಕರಿದ್ದರು. ಹಿರಿಯರು ಕೇಳಿದ್ದಕ್ಕೆಲ್ಲ ಹೌದು ಅನ್ನುವ, ವಂದನೆ ಹೇಳುವ ಮಕ್ಕಳಿದ್ದರು. ಆಗುವುದಿಲ್ಲ ಅಂತ ಹಿರಿಯರಿಗೆ ಹೇಳಿದ ಮಗು ಒಂದೇ ಒಂದು ಪಾಠದಲ್ಲೂ ಇರಲಿಲ್ಲ. ಅದನ್ನು ಯಾವ ವಾರದಲ್ಲೂ ಯಾರೂ ಅವಳಿಗೆ ಕಲಿಸಿರಲಿಲ್ಲ.

“ಹಾಗೆಯೇ ಆಗಲಿ ಗುರುಗಳೇ,” ಅಂದಳು. “ನನ್ನ ಶಕ್ತಿ ಮೀರಿ ಶ್ರಮಿಸುವೆನು.”

ಗಿರಣಿಯವನು ತಲೆಯಾಡಿಸಿ ಬೂಟು ಹುಡುಕಿಕೊಂಡ. ಒಲೆಯ ಹತ್ತಿರದಿಂದ ಅಜ್ಜಿ, ಒಂದೂ ಅರ್ಥವಾಗದೆ, ಮಗು ಏನಂದಳೋ ಅಂತ ಮಗನನ್ನು ಕೇಳಿದಳು.

“ಹೂಂ ಅಂದ್ಲಮ್ಮ,” ಅಂದ ಅಪ್ಪ.